ಪೈಪಿನ ರೇಟ್ ಕೇಳುವವರಿಗೆ

“ಎಷ್ಟೇ ದುಡ್ಡು ಕೊಟ್ರೂ ಬರೋದು ಹೊಗೆ ತಾನೇ? ಅಗ್ಗದ್ದು ಸಾಲಲ್ವಾ?”

ನಾನು ಪೈಪ್ ಸೇದುತ್ತೇನೆ ಎಂದು ಗೊತ್ತಾದ ಐದು ನಿಮಿಷಕ್ಕೆ ಈ ಪ್ರಶ್ನೆ ಬರುತ್ತದೆ. ಮದುವೆ ಮನೆಯಲ್ಲಿ ಬಂದಿದೆ. ಬ್ಯಾಂಕಿನ ಹಳೇ ಗೆಳೆಯರು ಸೇರಿದಾಗ ಬಂದಿದೆ. ಬೆಳಗ್ಗೆ ನಮ್ಮ ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವಾಗ, ಜೇಬಲ್ಲಿ ಪೈಪೇ ಇಲ್ಲದ ಹೊತ್ತಲ್ಲೂ ಬಂದಿದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ ಚಿಕ್ಕದು. ಹೌದು, ಅಗ್ಗದ್ದು ಸಾಕು.

ನನ್ನ ಹತ್ತಿರ ಮೂರು ಪೈಪ್ ಇವೆ. ಒಂದು ಮೆಕ್ಕೆಜೋಳದ ದಿಂಡಿನದು, ಸಾವಿರ ಚಿಲ್ಲರೆ ಕೊಟ್ಟು ತರಿಸಿದ್ದು. ಇನ್ನೊಂದು ಬ್ರಯರ್ ಮರದ ಸಾದಾ ಪೈಪ್. ಮೂರನೆಯದೂ ಬ್ರಯರೇ, ಆದರೆ ದುಬಾರಿ. ಬ್ಯಾಂಕಿನಿಂದ ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ಕೊಂಡಿದ್ದು. ಕಣ್ಣು ಕಟ್ಟಿ ಎರಡನೆಯದನ್ನೂ ಮೂರನೆಯದನ್ನೂ ಕೊಟ್ಟರೆ, ಹೊಗೆಯ ರುಚಿ ನೋಡಿ ಯಾವುದು ಯಾವುದೆಂದು ನಾನು ಹೇಳಲಾರೆ. ಇಪ್ಪತ್ತೈದು ವರ್ಷದಿಂದ ಸೇದುತ್ತಿರುವವನೇ ಹೇಳುತ್ತಿದ್ದೇನೆ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೇಳುವವರಲ್ಲಿ ಮುಕ್ಕಾಲು ಜನಕ್ಕೆ ಉತ್ತರ ಬೇಕಾಗಿಲ್ಲ. “ಹೌದ್ರೀ, ನಾನು ದಡ್ಡ, ದುಡ್ಡು ದಂಡ ಮಾಡಿದೆ” ಅಂತ ನನ್ನ ಬಾಯಿಂದ ಬರಬೇಕು, ಅಷ್ಟೇ.

ಎರಡು ವರ್ಷದ ಹಿಂದೆ ನೆಂಟರ ಗೃಹಪ್ರವೇಶ. ಊಟ ಮುಗಿಸಿ ತಾರಸಿಯ ಮೂಲೆಯಲ್ಲಿ ಒಬ್ಬನೇ ಪೈಪ್ ಹಚ್ಚಿ ಕೂತಿದ್ದೆ. ನನ್ನ ಷಡ್ಡಕ ನಾಲ್ಕು ಜನರನ್ನು ಕರೆದುಕೊಂಡು ಮೇಲೆ ಬಂದ. “ಅಣ್ಣಾ, ಇವರಿಗೆ ಹೇಳಿ, ಅದಕ್ಕೆ ಎಷ್ಟು ಕೊಟ್ರಿ?” ಎಂದ. ಹೇಳಿದೆ. “ಅಷ್ಟಕ್ಕೆ ಒಂದು ಕರೆಯೋ ಹಸು ಬರುತ್ತಲ್ಲಾ ಅಣ್ಣಾ” ಎಂದ. ಎಲ್ಲರೂ ನಕ್ಕರು. ಅವನ ಕೈಯಲ್ಲಿ ಅಂಗೈ ಅಗಲದ ವಾಚ್ ಇತ್ತು. ಅದು ತೋರಿಸುತ್ತಿದ್ದ ಟೈಮನ್ನೇ ನನ್ನ ಹಳೇ ವಾಚೂ ತೋರಿಸುತ್ತಿತ್ತು. ಅವತ್ತು ಅದನ್ನು ಹೇಳಲಿಲ್ಲ. ಗೃಹಪ್ರವೇಶದ ಮನೆ, ಯಾಕೆ ಬೇಕು ಅಂತ ಸುಮ್ಮನಾದೆ. ಇವತ್ತು ಹೇಳಿದ್ದೇನೆ.

ಮುಂದೆ ಹೋಗುವ ಮೊದಲು ಒಂದು ಮಾತು. ತಂಬಾಕು ತಂಬಾಕೇ. ಪೈಪಿನ ಹೊಗೆಯನ್ನು ಬಾಯಲ್ಲಿ ಆಡಿಸಿ ಬಿಡುತ್ತೇವೆ, ಎದೆಗೆ ಎಳೆಯುವುದಿಲ್ಲ. ಹಾಗಂತ ಅದು ಸುರಕ್ಷಿತ ಅಲ್ಲ. ಬಾಯಿ, ತುಟಿ, ಗಂಟಲಿನ ಕ್ಯಾನ್ಸರ್ ಪೈಪಿನಿಂದಲೂ ಬರುತ್ತದೆ. ನಾನು ವಾರಕ್ಕೆ ಎರಡು ಸಲ ಸೇದುತ್ತೇನೆ, ಮನೆಯೊಳಗೆ ಒಮ್ಮೆಯೂ ಇಲ್ಲ. ಪೈಪ್ ಹಿಡಿದರೆ ಚೆನ್ನಾಗಿ ಕಾಣುತ್ತೇನಾ ಅಂತ ಕೇಳಿದ ನಮ್ಮ ಬೀದಿಯ ಹುಡುಗನಿಗೆ, ಶುರು ಮಾಡಲೇಬೇಡ ಎಂದು ನೇರವಾಗಿ ಹೇಳಿದ್ದೇನೆ. ಇದು ಸೇದುವವನೊಬ್ಬನ ಮಾತು. ನಿಮ್ಮನ್ನು ಸೇದಲು ಕರೆಯುವುದಕ್ಕಲ್ಲ.

ಈಗ ದುಡ್ಡಿನ ವಿಷಯ. ಅಗ್ಗ ಅಂದರೆ ಯಾವ ಅಗ್ಗ? ಜಾತ್ರೆಯ ಅಂಗಡಿಯಲ್ಲಿ ನೇತುಹಾಕಿರುವ ಪೈಪ್ ಇರುತ್ತದಲ್ಲ, ಫಳಫಳ ವಾರ್ನಿಶ್ ಹೊಡೆದದ್ದು, ಅದು ಪೈಪಲ್ಲ. ಷೋಕೇಸಿನಲ್ಲಿ ಇಡುವ ಆಟಿಕೆ. ನನ್ನ ಮೊದಲ ಪೈಪ್ ಅದೇ. ಹಚ್ಚಿದ ಕಾಲು ಗಂಟೆಯಲ್ಲಿ ವಾರ್ನಿಶ್ ಗುಳ್ಳೆ ಎದ್ದಿತು. ಬೌಲು, ಅಂದರೆ ತಂಬಾಕು ತುಂಬುವ ಬಟ್ಟಲು, ಕೈಯಲ್ಲಿ ಹಿಡಿಯಲಾಗದಷ್ಟು ಕಾದಿತು. ಬಾಯಿಗೆ ಬಂದದ್ದು ಪೇಂಟ್ ಅಂಗಡಿಯ ವಾಸನೆ. ಎರಡು ದಿನ ನಾಲಿಗೆಗೆ ಸಾರಿನ ಹುಳಿ ತಾಗಿಸಲು ಆಗಲಿಲ್ಲ. ಎಷ್ಟೋ ಜನ ಇಂಥದ್ದೊಂದನ್ನು ಸೇದಿ, ಪೈಪ್ ಅಂದರೇ ಹೀಗೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಬಿಟ್ಟದ್ದು ಒಳ್ಳೆಯದೇ. ಕಾರಣ ಮಾತ್ರ ತಪ್ಪು.

ಮರ ಯಾವುದಾದರೆ ಏನು ಅಂತ ಕೇಳುತ್ತಾರೆ. ಮರದ ಬಟ್ಟಲಲ್ಲಿ ಬೆಂಕಿ ಇಡುತ್ತಿದ್ದೇವೆ ಸ್ವಾಮಿ, ಯಾವುದಾದರೂ ಆಗುತ್ತಾ? ಬ್ರಯರ್ ಅನ್ನುವುದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆ. ಎರಿಕಾ ಅರ್ಬೋರಿಯಾ ಅಂತ ಅದರ ಹೆಸರು. ಇಟಲಿ, ಕಾರ್ಸಿಕಾ, ಗ್ರೀಸ್, ಅಲ್ಜೀರಿಯಾ ಕಡೆಯದು. ಅದರ ಬೇರಿಗೂ ಕಾಂಡಕ್ಕೂ ನಡುವೆ ನೆಲದೊಳಗೆ ಒಂದು ಗಂಟು ಬೆಳೆಯುತ್ತದೆ. ಮೇಲಿನ ಪೊದೆ ಕಾಡ್ಗಿಚ್ಚಿಗೆ ಸುಟ್ಟುಹೋದರೂ ಈ ಗಂಟು ಉಳಿದು ಮತ್ತೆ ಚಿಗುರುತ್ತದೆ. ಪೈಪಿಗೆ ಬೇಕಾದದ್ದು ಆ ಗಂಟು. ಅಗೆದು, ಕತ್ತರಿಸಿ, ಗಂಟೆಗಟ್ಟಲೆ ನೀರಲ್ಲಿ ಕುದಿಸಿ ಅದರ ಒಗರು ರಸ ತೆಗೆಯುತ್ತಾರೆ. ಆಮೇಲೆ ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಬೆಂಕಿ ತಡೆಯುತ್ತದೆ, ಹೊಗೆಯ ಪಸೆಯನ್ನೂ ಹೀರಿಕೊಳ್ಳುತ್ತದೆ.

ನನ್ನ ಸಾದಾ ಬ್ರಯರ್ ಪೈಪೂ ದುಬಾರಿ ಪೈಪೂ ಇಂಥ ಗಂಟಿನಿಂದಲೇ ಬಂದವು. ಹಾಗಾದರೆ ಜಾಸ್ತಿ ದುಡ್ಡು ಎಲ್ಲಿಗೆ ಹೋಯಿತು? ಕಣ್ಣಿಗೆ ಹೋಯಿತು, ಕೈಗೆ ಹೋಯಿತು. ನೆಲದೊಳಗೆ ಬೆಳೆದ ಗಂಟು ಅಲ್ವಾ, ಅದರಲ್ಲಿ ಕಲ್ಲು, ಮಣ್ಣು, ತೂತು ಇರುತ್ತವೆ. ಕಡೆದಾಗ ಒಂದೂ ಕಲೆ ಇಲ್ಲದೆ, ಎಳೆಗಳು ಬುಡದಿಂದ ಬಾಯಿವರೆಗೆ ನೆಟ್ಟಗೆ ಓಡುವ ತುಂಡು ಸಿಗುವುದು ಅಪರೂಪ. ಸಣ್ಣ ತೂತಿದ್ದರೆ ಲಪ್ಪ ತುಂಬಿ ಬಣ್ಣ ಹಚ್ಚುತ್ತಾರೆ. ಇಲ್ಲವೇ ಮರಳು ಹೊಡೆದು ಮೈಯನ್ನು ತರಿ ಮಾಡುತ್ತಾರೆ. ಸೇದುವುದಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ಇನ್ನು ಹೆಸರಿಗೂ ದುಡ್ಡಿದೆ. ಇಂಗ್ಲೆಂಡಿನ ಡನ್‌ಹಿಲ್ ಕಂಪನಿಯ ಪೈಪಿನ ಮೇಲಿನ ಬಿಳಿ ಚುಕ್ಕೆಯನ್ನು ನೋಡಿಯೇ ಜನ ಬೆಲೆ ಕಟ್ಟುತ್ತಾರೆ. ಬಾಯಿಗಿಡುವ ತುಂಡಿನ ಮೇಲ್ಭಾಗ ಯಾವುದು ಎಂದು ಗೊತ್ತಾಗಲಿ ಅಂತ ಶುರುವಾದ ಗುರುತು ಅದು.

ನನ್ನ ದುಬಾರಿ ಪೈಪಿನ ಬೌಲನ್ನು ತಿರುಗಿಸಿ ನೋಡಿದರೆ ಎಳೆಗಳು ಮಳೆ ಬಿದ್ದ ಹಾಗೆ ಇಳಿದಿವೆ. ಮೂವತ್ತೈದು ವರ್ಷ ಬೇರೆಯವರ ದುಡ್ಡು ಎಣಿಸಿದೆ. ನನ್ನ ದುಡ್ಡಲ್ಲಿ ಒಂದು ಚೆಂದದ ವಸ್ತು ಕೊಂಡೆ. ಅದಕ್ಕೆ ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ.

ದಿಂಡಿನ ಪೈಪಿಗೆ ಬರುತ್ತೇನೆ, ಯಾಕೆಂದರೆ ದಾವಣಗೆರೆಯವರಿಗೆ ಅದು ಗೊತ್ತಿರಬೇಕು. ನಮ್ಮ ಸುತ್ತಮುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಕಾಳು ಬಿಡಿಸಿದ ಮೇಲೆ ದಿಂಡು ರಾಶಿ ಬೀಳುತ್ತದೆ, ಒಲೆಗೆ ಹೋಗುತ್ತದೆ. ಅಮೆರಿಕದ ಮಿಸೌರಿಯಲ್ಲಿ ವಾಷಿಂಗ್ಟನ್ ಎಂಬ ಸಣ್ಣ ಊರಿದೆ. ಅಲ್ಲಿ ಹೆನ್ರಿ ಟಿಬ್ಬಿ ಎಂಬ ಮರಗೆಲಸದವನು 1869ರಲ್ಲಿ ಇದೇ ದಿಂಡನ್ನು ಕಡೆದು ಪೈಪ್ ಮಾಡಲು ಶುರು ಮಾಡಿದ. ದಿಂಡಿನ ಮೈಮೇಲಿನ ಗುಳಿಗಳಿಗೆ ಪ್ಲಾಸ್ಟರ್ ತುಂಬಿ ನುಣುಪು ಮಾಡುವ ಉಪಾಯಕ್ಕೆ 1878ರಲ್ಲಿ ಪೇಟೆಂಟ್ ಸಿಕ್ಕಿತು. ಮಿಸೌರಿ ಮೀರ್‌ಶಾಮ್ ಎಂಬ ಆ ಕಂಪನಿ ಇವತ್ತಿಗೂ ಅದೇ ಊರಲ್ಲಿದೆ. ಎರಡನೇ ಮಹಾಯುದ್ಧದ ಅಮೆರಿಕದ ಸೇನಾನಿ ಜನರಲ್ ಮೆಕಾರ್ಥರ್ ಬಾಯಲ್ಲಿದ್ದ ಉದ್ದನೆಯ ಪೈಪ್ ಫೋಟೋಗಳಲ್ಲಿ ನೋಡಿದ್ದೀರಲ್ಲ, ಅದು ದಿಂಡೇ. ಅವರು ಬೇಕಾದ ಪೈಪ್ ಕೊಳ್ಳಬಹುದಿತ್ತು.

ಆ ಊರಲ್ಲಿ ಪೈಪಿಗೆಂದೇ ದಪ್ಪ, ಗಟ್ಟಿ ದಿಂಡಿನ ತಳಿ ಬೆಳೆಯುತ್ತಾರೆ. ನಮ್ಮ ದಿಂಡು ಅಷ್ಟು ದಪ್ಪ ಇರುವುದಿಲ್ಲ. ಒಮ್ಮೆ ನಾನೇ ಕೊರೆದು ನೋಡಿದೆ. ಎರಡನೇ ಸಲ ಹಚ್ಚುವಾಗಲೇ ಗೋಡೆ ಸುಟ್ಟು ತೂತಾಯಿತು. ತರಿಸಿದ ದಿಂಡಿನ ಪೈಪ್ ಮಾತ್ರ ಏಳು ವರ್ಷದಿಂದ ನಡೆಯುತ್ತಿದೆ. ಮೊದಲ ದಿನದಿಂದಲೇ ಒಣ ಹೊಗೆ ಕೊಟ್ಟಿದೆ. ಬ್ರಯರ್ ಹಾಗಲ್ಲ. ಒಳಗೋಡೆಗೆ ಕರಿ ಕಟ್ಟಿ ಹದಕ್ಕೆ ಬರಲು ಅದಕ್ಕೆ ಎಷ್ಟೋ ಸಲ ಸೇದಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಜನ ಪೈಪನ್ನೇ ನೋಡುತ್ತಾರೆ. ಬೆಣ್ಣೆ ದೋಸೆ ತಿನ್ನಲು ಕೂತು ಹಂಚಿಗೆಷ್ಟು ಕೊಟ್ಟಿರಿ ಅಂತ ಯಾರಾದರೂ ಕೇಳುತ್ತಾರಾ? ಹಿಟ್ಟು ಹೇಗಿದೆ, ಬೆಂಕಿ ಹೇಗಿದೆ, ಹುಯ್ಯುವವನ ಕೈ ಹೇಗಿದೆ, ಅಲ್ಲಿದೆ ರುಚಿ. ಪೈಪೂ ಹಾಗೇ. ತಂಬಾಕು ಹಸಿ ಇದ್ದರೆ ಹೊಗೆಯ ಬದಲು ಆವಿ ಬಂದು ನಾಲಿಗೆ ಸುಡುತ್ತದೆ. ತೀರಾ ಬಿಗಿ ತುಂಬಿದರೆ ಎಳೆಯಲು ಆಗುವುದಿಲ್ಲ, ಸಡಿಲ ಆದರೆ ಬೇಗ ಉರಿಯುತ್ತದೆ. ಮೊದಲ ಚಿಟಿಕೆಯನ್ನು ಮಗು ಒತ್ತಿದ ಹಾಗೆ, ಎರಡನೆಯದನ್ನು ಹೆಂಗಸು ಒತ್ತಿದ ಹಾಗೆ, ಕೊನೆಯದನ್ನು ಗಂಡಸು ಒತ್ತಿದ ಹಾಗೆ ಒತ್ತಬೇಕು ಅಂತ ಪೈಪಿನವರ ಹಳೇ ಮಾತಿದೆ. ಮೊದಲು ಹಚ್ಚಿದಾಗ ತಂಬಾಕು ಉಬ್ಬಿ ಮೇಲೆ ಬರುತ್ತದೆ. ಅದನ್ನು ಮೆಲ್ಲಗೆ ಒತ್ತಿ ಮತ್ತೆ ಹಚ್ಚಬೇಕು. ನಾನು ಒತ್ತುವುದು ಚಪ್ಪಟೆ ತಲೆಯ ಒಂದು ದೊಡ್ಡ ಮೊಳೆಯಲ್ಲಿ. ಆಮೇಲೆ ನಿಧಾನ. ಬಿಸಿ ಕಾಫಿಯನ್ನು ತುಟಿಗೆ ತಾಗಿಸಿ ಹೀರುವಷ್ಟು ನಿಧಾನ. ಹಾಗೆ ಸೇದಿದರೆ ಒಂದು ಬೌಲು ಮುಕ್ಕಾಲು ಗಂಟೆ ಬರುತ್ತದೆ. ಆ ಮುಕ್ಕಾಲು ಗಂಟೆ ಅವಸರಪಡಲು ಆಗುವುದೇ ಇಲ್ಲ. ಅವಸರಪಟ್ಟರೆ ನಾಲಿಗೆಯೇ ಹೇಳುತ್ತದೆ. ನನಗೆ ಬೇಕಾದದ್ದು ಅದು. ಆ ಸಂತೋಷಕ್ಕೂ ಪೈಪಿನ ರೇಟಿಗೂ ಸಂಬಂಧ ಇಲ್ಲ.

ಇಪ್ಪತ್ತೈದು ವರ್ಷದಲ್ಲಿ ಒಬ್ಬರು ಮಾತ್ರ ನನಗೆ ಸರಿಯಾದ ಪ್ರಶ್ನೆ ಕೇಳಿದ್ದಾರೆ.

ಚಿತ್ರದುರ್ಗದ ಹತ್ತಿರ ಗೆಳೆಯನ ಹೊಲ. ಆಷಾಢ. ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಪಂಪ್ ಮನೆಯ ಗೋಡೆಗೆ ಬೆನ್ನು ಕೊಟ್ಟು ಪೈಪ್ ಹಚ್ಚಲು ಒದ್ದಾಡುತ್ತಿದ್ದೆ. ಆರು ಕಡ್ಡಿ ಹೋಗಿದ್ದವು. ಕುರಿ ಬಿಟ್ಟುಕೊಂಡಿದ್ದ ಒಬ್ಬ ಅಜ್ಜ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತು ನೋಡಿದರು.

“ಗಾಳಿಗೆ ಆರಲ್ವಾ ಸಾಮಿ ಅದು?”

ಆರುತ್ತೆ ಅಜ್ಜ, ಅದೇ ಕಷ್ಟ ಎಂದೆ. ಗಾಳಿ ಜೋರಿದ್ದರೆ ಆರುವುದಷ್ಟೇ ಅಲ್ಲ, ಹತ್ತಿಕೊಂಡರೆ ಕುಲುಮೆಯ ಹಾಗೆ ಉರಿದು ಬೌಲಿನ ಗೋಡೆಯೇ ಸುಡಬಹುದು. ಅಜ್ಜ ಕೈ ಚಾಚಿದರು. ಕೊಟ್ಟೆ. ಅವತ್ತು ನನ್ನ ಕೈಲಿದ್ದದ್ದು ದುಬಾರಿ ಪೈಪ್. ಎಳೆ ನೋಡಲಿಲ್ಲ, ಹೊಳಪು ನೋಡಲಿಲ್ಲ. ಬೌಲಿನ ಬಾಯೊಳಗೆ ಇಣುಕಿದರು.

“ತೂತು ತಳಕ್ಕೆ ಐತಾ, ಮ್ಯಾಲೈತಾ?”

ನನಗೆ ಮೈ ಜುಮ್ಮೆಂದಿತು. ಪೈಪ್ ಕೊಳ್ಳುವಾಗ ನೋಡಬೇಕಾದದ್ದೇ ಅದು. ಹೊಗೆಯ ತೂತು ಬೌಲಿನ ತಳದ ನಡುಮಧ್ಯಕ್ಕೆ ಬಂದು ಸೇರಿರಬೇಕು. ಮೇಲಿದ್ದರೆ ತಳದಲ್ಲಿ ಪಸೆ ನಿಂತು ಕೊನೆಯ ತಂಬಾಕು ಕೊಚ್ಚೆಯಾಗುತ್ತದೆ. ಬಾಯಿತುಂಡು ಬಂದು ಕೂರುವ ಜಾಗದಲ್ಲಿ ಸಂದು ಬಿಟ್ಟಿದ್ದರೆ ಅಲ್ಲೂ ನೀರು ನಿಂತು ಗೊಳಗೊಳ ಎನ್ನುತ್ತದೆ. ಒಂದು ಕಡ್ಡಿ ತೂರಿಸಿ ನೋಡಿದರೆ ಎರಡೂ ಗೊತ್ತಾಗುತ್ತವೆ. ಸಾದಾ ಪೈಪಲ್ಲಿ ಇದು ಸರಿ ಇರಬಹುದು, ದುಬಾರಿಯದರಲ್ಲಿ ತಪ್ಪಿರಬಹುದು. ನನ್ನ ನೆಂಟರಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ ಅದು.

ತಳಕ್ಕೇ ಇದೆ ಎಂದೆ. “ಹಂಗಾರೆ ಚಲೋ ಐತೆ” ಎಂದು ವಾಪಸ್ ಕೊಟ್ಟರು. ಸೊಂಟದ ಸಂಚಿಯಿಂದ ತಮ್ಮ ಚಿಲುಮೆ ತೆಗೆದರು. ಮಣ್ಣಿನದು, ಸುಟ್ಟು ಕಪ್ಪಾಗಿತ್ತು. ಒಳಗೆ ಬಟಾಣಿ ಗಾತ್ರದ ಒಂದು ಕಲ್ಲು, ತಂಬಾಕು ಬಾಯಿಗೆ ಬರದಂತೆ. ಕೆಳತುದಿಗೆ ಒದ್ದೆ ಬಟ್ಟೆ ಸುತ್ತಿದರು. ಹೊಗೆ ತಂಪಾಗಲಿ ಅಂತ. ನಾನು ನೋಡುತ್ತಲೇ ಇದ್ದೆ. ಬ್ರಯರ್ ಮಾಡುವ ಕೆಲಸವನ್ನೇ ಅವರ ಚಿಂದಿ ಬಟ್ಟೆ ಮಾಡುತ್ತಿತ್ತು. ಕಡ್ಡಿ ಗೀರಿ ಎರಡೂ ಅಂಗೈಗಳನ್ನು ಗೂಡು ಮಾಡಿದರು. ಒಂದೇ ಕಡ್ಡಿಗೆ ಹತ್ತಿತು. ಆಮೇಲೆ ತಮ್ಮ ಅಂಗೈಯನ್ನು ನನ್ನ ಬೌಲಿನ ಬಾಯಿಗೆ ಅರ್ಧ ಮುಚ್ಚಿ, ಈಗ ಹಚ್ಚಿ ಎಂದರು. ನನ್ನದೂ ಹತ್ತಿತು.

ಸುಮಾರು ಹೊತ್ತು ಮಾತಿಲ್ಲದೆ ಕೂತೆವು. ಕುರಿಗಳು ದೂರ ಹೋದಾಗ ಅಜ್ಜ ಒಂದು ಸಲ ಕೂಗು ಹಾಕಿದರು. ರೇಟ್ ಕೇಳಲಿಲ್ಲ. ಎಲ್ಲಿಂದ ತಂದದ್ದು ಅಂತಲೂ ಕೇಳಲಿಲ್ಲ. ಚಿಲುಮೆ ಖಾಲಿಯಾದ ಮೇಲೆ ನನ್ನ ಡಬ್ಬಿಯ ಕಡೆ ಕಣ್ಣು ಮಾಡಿದರು. ಒಂದು ಚಿಟಿಕೆ ಕೊಟ್ಟೆ. ಬರೀ ವರ್ಜೀನಿಯಾ ಎಲೆ, ಬೇರೇನೂ ಬೆರೆಸದ್ದು. ಮೂಸಿ ನೋಡಿದರು, ತುಂಬಿದರು, ಒಂದು ದಮ್ಮು ಎಳೆದು ಬಾಯಲ್ಲಿ ಹಿಡಿದು ನಿಧಾನಕ್ಕೆ ಬಿಟ್ಟರು.

“ಸಿಹಿ ಐತಲ್ಲಾ. ಬೆಲ್ಲ ಹಾಕ್ಯಾರೇನ್ ಸಾಮಿ ಇದಕ್ಕೆ?”

ಇಲ್ಲ ಅಜ್ಜ, ಎಲೆಯದೇ ಸಿಹಿ ಎಂದೆ. ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಅಂಶ ಜಾಸ್ತಿ. ಕೊಯ್ದ ಎಲೆಯನ್ನು ಬ್ಯಾರನ್ ಅನ್ನುವ ಒಣಗಿಸುವ ಮನೆಯೊಳಗೆ ಕಟ್ಟಿ, ಕೊಳವೆಯಲ್ಲಿ ಬಿಸಿ ಹಾಯಿಸಿ ಒಣಗಿಸಿದಾಗ ಆ ಸಿಹಿ ಎಲೆಯಲ್ಲೇ ಉಳಿಯುತ್ತದೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯೂ ಇದೇ ಜಾತಿಯ ಎಲೆ ಬೆಳೆಯುತ್ತಾರೆ, ಬ್ಯಾರನ್ನಿನಲ್ಲಿ ಹೀಗೇ ಹದ ಮಾಡುತ್ತಾರೆ. ಇಷ್ಟನ್ನೂ ಹೇಳಿದೆ. ಅಜ್ಜ ಚಿಲುಮೆ ಕೈಯಲ್ಲಿ ಹಿಡಿದುಕೊಂಡೇ ಪೂರ್ತಿ ಕೇಳಿದರು. ಬ್ಯಾರನ್ನಿಗೆ ಯಾವ ಸೌದೆ ಹಾಕ್ತಾರೆ ಎಂದು ಕೇಳಿದರು.