ದಕಾರ, ಧಕಾರ ಮತ್ತು ಒಂದು ಕೇಬಲ್

13 ಜುಲೈ 2024, ಶನಿವಾರ
ಬನಶಂಕರಿ, ಬೆಂಗಳೂರು

ಭಾವ ಕೊಟ್ಟ 27 ಇಂಚಿನ ಹಳೆಯ ಮಾನಿಟರನ್ನು ಲ್ಯಾಪ್‌ಟಾಪಿಗೆ ಜೋಡಿಸಿಕೊಂಡು ಮೂರು ದಿನಗಳಿಂದ ಕರಡು ತಿದ್ದುತ್ತಿದ್ದೇನೆ. ಬಣ್ಣ, ಬೆಳಕು ಎರಡೂ ಚೆನ್ನಾಗಿಯೇ ಇದ್ದವು. ಆದರೆ ದಕಾರಕ್ಕೂ ಹೊಟ್ಟೆ ಸೀಳಿದ ಧಕಾರಕ್ಕೂ ವ್ಯತ್ಯಾಸ ಕಾಣದಷ್ಟು ಅಕ್ಷರಗಳು ಮಸುಕಾಗಿದ್ದವು.

ಕೇಬಲ್ ಕಳಪೆಯಿರಬೇಕೆಂದು ಮನೆಯವರೆಲ್ಲ ಹೇಳಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅನಲಾಗ್ ಸಂಕೇತ ಹರಿಯುವ ಹಳೆಯ ವಿಜಿಎ ಕೇಬಲಿನಲ್ಲಾದರೆ ಅಂಚುಗಳು ಮಸುಕಾಗುವುದು, ಅಕ್ಷರದ ಪಕ್ಕದಲ್ಲಿ ನೆರಳು ಮೂಡುವುದು ಉಂಟು. ಡಿಜಿಟಲ್ ಕೇಬಲ್ ಕೆಟ್ಟರೆ ತೆರೆಯ ಮೇಲೆ ಚುಕ್ಕಿಗಳು ಮಿನುಗುತ್ತವೆ, ಚಿತ್ರ ಆಗಾಗ ಮಾಯವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಇಡೀ ತೆರೆ ಒಂದೇ ಸಮನಾಗಿ ಮಸುಕಾಗಿದೆ ಎಂದರೆ ಚಿತ್ರ ಎಲ್ಲೋ ಹಿಗ್ಗುತ್ತಿದೆ ಎಂದೇ ಅನುಮಾನಿಸಬೇಕು.

ಮಾನಿಟರಿನ ಮೆನು ತೆರೆದಾಗ ಅನುಮಾನ ನಿಜವಾಯಿತು. ಅದರ ಸ್ವಂತ ರೆಸಲ್ಯೂಷನ್, ಅಂದರೆ ತೆರೆಯ ಅಗಲಕ್ಕೂ ಎತ್ತರಕ್ಕೂ ಇರುವ ಪಿಕ್ಸೆಲ್ ಎಂಬ ಚುಕ್ಕಿಗಳ ಲೆಕ್ಕ, 2560×1440; ಬರುತ್ತಿದ್ದುದು 1920×1080. ಮೂರು ಪಿಕ್ಸೆಲ್‌ಗಳಲ್ಲಿ ಇರಬೇಕಾದದ್ದನ್ನು ನಾಲ್ಕರ ಮೇಲೆ ಹರಡಿದಾಗ, ಧಕಾರದ ಸೀಳಿನಂಥ ತೆಳು ಗೆರೆ ಯಾವ ಪಿಕ್ಸೆಲ್ಲಿಗೂ ಪೂರ್ತಿ ಸೇರದೆ ಬೂದುಬಣ್ಣವಾಗಿ ಕರಗಿಹೋಗುತ್ತದೆ.

ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ದೊಡ್ಡ ರೆಸಲ್ಯೂಷನ್ ಇರಲೇ ಇಲ್ಲ. ನಾನು ಬಳಸುತ್ತಿದ್ದುದು ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಯಿಂದ ಮಾನಿಟರಿನ ಡಿವಿಐ ಎಂಬ ಹಳೆಯ ಬಗೆಯ ಕಿಂಡಿಗೆ ಹೋಗುವ ಡಿಜಿಟಲ್ ಕೇಬಲ್. ಅಂಥ ಕೇಬಲ್ ಡಿವಿಐನ ಸಿಂಗಲ್ ಲಿಂಕನ್ನಷ್ಟೇ, ಅಂದರೆ ಅದರ ಎರಡು ದಾರಿಗಳಲ್ಲಿ ಒಂದನ್ನಷ್ಟೇ, ಒಯ್ಯುತ್ತದೆ. 1999ರ ಡಿವಿಐ ಮಾನದಂಡದಲ್ಲಿ ಸಿಂಗಲ್ ಲಿಂಕಿನಲ್ಲಿ ಪಿಕ್ಸೆಲ್‌ಗಳನ್ನು ಕಳಿಸುವ ವೇಗದ ಮಿತಿ 165 ಮೆಗಾಹರ್ಟ್ಸ್. 2560×1440 ಚಿತ್ರವನ್ನು ಸೆಕೆಂಡಿಗೆ 60 ಸಲ ಕಳಿಸಲು ಸುಮಾರು 241 ಮೆಗಾಹರ್ಟ್ಸ್ ಬೇಕು. ಮಾನಿಟರ್ ತನ್ನ ಸಾಮರ್ಥ್ಯವನ್ನು ಇಡಿಐಡಿ ಎಂಬ ಪುಟ್ಟ ದತ್ತಾಂಶದ ಮೂಲಕ ಕಂಪ್ಯೂಟರಿಗೆ ತಿಳಿಸುತ್ತದೆ, ನಿಜ. ಆದರೆ ಆ ದಾರಿಯಲ್ಲಿ ಸಾಗಲಾರದ್ದನ್ನು ಕಂಪ್ಯೂಟರ್ ಪಟ್ಟಿಯಿಂದಲೇ ಬಿಟ್ಟುಬಿಡುತ್ತದೆ.

ಮಾನಿಟರಿನಲ್ಲಿ ಇಷ್ಟನ್ನು ಹೊರಬಲ್ಲ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಕಿಂಡಿಯೂ ಇತ್ತು. ಬೆಳಿಗ್ಗೆ ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ನಡೆದೆ. ಎಚ್‌ಡಿಎಂಐ–ಡಿಸ್‌ಪ್ಲೇಪೋರ್ಟ್ ಕೇಬಲ್ ಕೇಳಿದಾಗ ಅಂಗಡಿಯವರು, "ಲ್ಯಾಪ್‌ಟಾಪ್ ಕಡೆ ಯಾವುದು ಮೇಡಂ?" ಎಂದರು. ಎಚ್‌ಡಿಎಂಐ ಎಂದೆ. "ಹಾಗಾದರೆ ಇದು ಆಗಲ್ಲ. ಇದು ಡಿಸ್‌ಪ್ಲೇಪೋರ್ಟ್ ಕಡೆಯಿಂದ ಎಚ್‌ಡಿಎಂಐ ಕಡೆಗೆ ಮಾತ್ರ." ಅವರ ಮಾತು ಸರಿಯಾಗಿತ್ತು. ಡಿಸ್‌ಪ್ಲೇಪೋರ್ಟ್ ಇರುವ ಎಷ್ಟೋ ಕಂಪ್ಯೂಟರ್‌ಗಳು ಅಗತ್ಯ ಬಿದ್ದರೆ ಎಚ್‌ಡಿಎಂಐ ಸಂಕೇತವನ್ನೂ ಹೊರಡಿಸಬಲ್ಲವು, ಹಾಗಾಗಿ ಅತ್ತ ಸಾದಾ ಕೇಬಲ್ ಸಾಕು. ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟಿಗೆ ಬರಲು ಸಂಕೇತವನ್ನೇ ಮಾರ್ಪಡಿಸುವ, ವಿದ್ಯುತ್ ಬೇಡುವ ಪರಿವರ್ತಕ ಬೇಕು. ಆ ಒಂದು ಪ್ರಶ್ನೆಯನ್ನು ಅವರು ಕೇಳದಿದ್ದರೆ ಹಣವೂ ಹೋಗುತ್ತಿತ್ತು, ದಿನವೂ ಹೋಗುತ್ತಿತ್ತು. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಎಡಬದಿಯಲ್ಲಿ ನಾನು ಎಂದೂ ಬಳಸದ ಮಿನಿ ಡಿಸ್‌ಪ್ಲೇಪೋರ್ಟ್ ಇತ್ತು. ಅದಕ್ಕೆ ಹೊಂದುವ ನೇರ ಕೇಬಲನ್ನೇ ಕೊಟ್ಟರು.

ಮನೆಗೆ ಬಂದು ಜೋಡಿಸಿ, ಮಾನಿಟರಿನ ಇನ್‌ಪುಟ್ ಬದಲಿಸಿದ ಮೇಲೆ 2560×1440 ತಾನಾಗಿಯೇ ಬಂತು. ನಿನ್ನೆ ತಿದ್ದಿ ಮುಗಿಸಿದ ಪುಟವನ್ನು ತೆರೆದೆ. ಎರಡನೆಯ ಸಾಲಿನಲ್ಲೇ 'ವಿಧಾನ' ಇರಬೇಕಾದಲ್ಲಿ 'ವಿದಾನ' ಎಂದಿತ್ತು. ಮೂರು ದಿನಗಳ ಪುಟಗಳನ್ನು ನಾಳೆ ಮೊದಲಿನಿಂದ ಓದಲಿದ್ದೇನೆ.