ಹಸಿರು ಮೆಸೇಜಿನವರು

ಊರಿನಲ್ಲಿ ಎಸ್‌ಎಂಎಸ್ ಎಂದರೆ ಬ್ಯಾಂಕಿನವರು, ಗ್ಯಾಸ್ ಏಜೆನ್ಸಿಯವರು ಮತ್ತು ಸಾಲ ಬೇಕೇ ಎಂದು ಬೆನ್ನು ಬೀಳುವವರು ಕಳಿಸುವ ಸರಕು. ಮನುಷ್ಯರು ಮನುಷ್ಯರಿಗೆ ಬರೆಯುವುದೆಲ್ಲ ವಾಟ್ಸ್ಆ್ಯಪ್‌ನಲ್ಲಿ. ಇಲ್ಲಿ ನ್ಯೂಜೆರ್ಸಿಯಲ್ಲಿ ಹಾಗಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್, ಹುಲ್ಲು ಕತ್ತರಿಸಲು ಬರುವವನು, ಮಗಳ ಸಾಕರ್ ಕೋಚ್, ಪಕ್ಕದ ಮನೆಯಾಕೆ, ಎಲ್ಲರೂ ಬರೆಯುವುದು ಫೋನಿನ ಜೊತೆಗೇ ಬಂದ ಮೆಸೇಜ್ ಆ್ಯಪ್‌ನಲ್ಲಿ. ಅಮೆರಿಕದಲ್ಲಿ ತನಗೆ 10 ಕೋಟಿ ಬಳಕೆದಾರರಿದ್ದಾರೆ ಎಂದು ವಾಟ್ಸ್ಆ್ಯಪ್ 2024ರಲ್ಲಿ ಹೇಳಿಕೊಂಡಿತು, ನಿಜ. ಆದರೆ ನನ್ನ ಫೋನಿನಲ್ಲಿ ಅದು ಕನ್ನಡ ಕೂಟ, ದೇವಸ್ಥಾನದ ಅಡುಗೆ ತಂಡ ಮತ್ತು ಊರಿನ ಬಂಧುಬಳಗಕ್ಕೆ ಸೀಮಿತ. ಊರಿಗೆ ಒಂದು ಆ್ಯಪ್, ಇಲ್ಲಿಗೆ ಇನ್ನೊಂದು.

ಹೀಗಾಗಲು ದೊಡ್ಡ ಕಾರಣವೇನೂ ಇಲ್ಲ, ದುಡ್ಡು. ಇಲ್ಲಿನ ಫೋನ್ ಪ್ಲಾನ್‌ಗಳಲ್ಲಿ ಎಸ್‌ಎಂಎಸ್ ಬಹಳ ಹಿಂದೆಯೇ ಲೆಕ್ಕವಿಲ್ಲದಷ್ಟು ಸಿಗಲಾರಂಭಿಸಿತು, ಹಾಗಾಗಿ ಬೇರೆ ದಾರಿ ಹುಡುಕುವ ಅಗತ್ಯ ಯಾರಿಗೂ ಬೀಳಲಿಲ್ಲ. ನಮ್ಮಲ್ಲಿ ಯುಗಾದಿ, ದೀಪಾವಳಿ, ಹೊಸ ವರ್ಷದ ದಿನಗಳಲ್ಲಿ ಮೆಸೇಜ್ ಪ್ಯಾಕ್ ಇದ್ದರೂ ಪ್ರತಿ ಎಸ್‌ಎಂಎಸ್‌ಗೆ ಕಾಸು ಹಿಡಿಯುತ್ತಿದ್ದರು. ಅದರ ಮೇಲೆ ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪೆಟ್ಟು. ಇಂಗ್ಲಿಷ್ ಅಕ್ಷರಗಳಲ್ಲಾದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಯೂನಿಕೋಡ್ ಕನ್ನಡಕ್ಕೆ 70. ಅದರಲ್ಲೂ ಒತ್ತು, ಗುಣಿತಗಳಿಗೆಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಎಂಬ ಒಂದೇ ಅಕ್ಷರ ಆರು ಸ್ಥಾನ ನುಂಗುತ್ತದೆ. 'ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು' ಎಂದು ಬರೆದರೆ 30 ಮುಗಿಯಿತು, ಬೇವುಬೆಲ್ಲದ ಎರಡು ಸಾಲು ಸೇರಿಸಿದಿರೋ ಎರಡನೆಯ ಎಸ್‌ಎಂಎಸ್‌ನ ದುಡ್ಡು. ಇಂಥ ಜಿಪುಣ ವ್ಯವಸ್ಥೆಯಿಂದ ಜನ ಒಟ್ಟಾಗಿ ಎದ್ದು ಹೋದದ್ದು ನನಗಂತೂ ಆಶ್ಚರ್ಯವಲ್ಲ.

ಇಲ್ಲಿ ಯಾರೂ ಎದ್ದು ಹೋಗದ್ದರಿಂದ ಹುಟ್ಟಿದ್ದೇ ಬಣ್ಣದ ಜಗಳ. ಆ್ಯಪಲ್ 2011ರಲ್ಲಿ ಐಮೆಸೇಜ್ ತಂದಿತು. ಐಫೋನಿನವರು ಐಫೋನಿಗೆ ಬರೆದರೆ ಮಾತು ಇಂಟರ್ನೆಟ್ ಮೂಲಕ, ಬೀಗ ಹಾಕಿಕೊಂಡು (ಎನ್‌ಕ್ರಿಪ್ಟ್ ಆಗಿ, ಅಂದರೆ ದಾರಿಯಲ್ಲಿ ಯಾರೂ ಓದಲಾಗದಂತೆ) ಹೋಗುತ್ತದೆ, ಬರೆದವರ ಪರದೆಯಲ್ಲಿ ನೀಲಿ. ಅವರೇ ಆಂಡ್ರಾಯ್ಡ್ ಫೋನಿಗೆ ಬರೆದರೆ 2024ರವರೆಗೂ ಹೋಗುತ್ತಿದ್ದದ್ದು ಹಳೆಯ ಎಸ್‌ಎಂಎಸ್, ಬಣ್ಣ ಹಸಿರು. ಎರಡೂ ಒಂದೇ ಆ್ಯಪ್‌ನ ಒಳಗೇ ಇವೆ. ಗುಂಪಿನಲ್ಲಿ ಒಬ್ಬನ ಬಳಿ ಆಂಡ್ರಾಯ್ಡ್ ಇದ್ದರೂ ಇಡೀ ಗುಂಪು ಹಸಿರಾಗುತ್ತದೆ. ತಮಾಷೆಯೆಂದರೆ, ಯಾರಿಂದ ಹಸಿರಾಯಿತೋ ಅವನ ಪರದೆಯಲ್ಲಿ ಆ ಬಣ್ಣ ಕಾಣುವುದೇ ಇಲ್ಲ. "ಅಪ್ಪ, ನಿನ್ನ ಫೋನಿನಿಂದ ನಮ್ಮ ಗ್ರೂಪ್ ಪೂರ್ತಿ ಹಸಿರಾಗಿದೆಯಂತೆ" ಎಂದು ಮಗಳು ಹೇಳಿದ ಮೇಲೆಯೇ ನನಗೆ ವಿಷಯ ಗೊತ್ತಾದದ್ದು. ಹೇಳುವಾಗ ಅವಳ ಮುಖ ನೋಡಬೇಕಿತ್ತು, ಶಾಲೆಗೆ ನಾನು ಪಂಚೆ ಉಟ್ಟು ಬಂದೆನೇನೋ ಎಂಬಷ್ಟು ಸಂಕೋಚ.

ಸಾಕರ್ ಪೋಷಕರ ಗುಂಪಿನಲ್ಲಿ ನನಗೆ ಬರುತ್ತಿದ್ದ ವಿಡಿಯೊಗಳಲ್ಲಿ ಚೆಂಡು ಎಲ್ಲಿದೆ, ಹುಡುಗಿಯರು ಎಲ್ಲಿದ್ದಾರೆ ಎಂದು ಹುಡುಕಬೇಕಿತ್ತು. ಎಂಎಂಎಸ್ ಮೂಲಕ ಬರುವಾಗ ವಿಡಿಯೊವನ್ನು ಅಷ್ಟು ಹಿಂಡಿ ಕಳಿಸುತ್ತಿದ್ದರು. ಯಾರಾದರೂ ಒಂದು ಸಾಲಿಗೆ ಹೆಬ್ಬೆರಳು ಒತ್ತಿದರೆ, ಆ ಸಾಲನ್ನು ಪೂರ್ತಿ ಮತ್ತೆ ಬರೆದು 'ಇಷ್ಟಪಟ್ಟರು' ಎಂಬ ಒಕ್ಕಣೆ ಸೇರಿಸಿದ ಹೊಸ ಮೆಸೇಜೊಂದು ಬರುತ್ತಿತ್ತು. ಐದು ಜನ ಇಷ್ಟಪಟ್ಟರೆ ಐದು ಸಲ 'ನಾಳೆ ಅಭ್ಯಾಸ ಇಲ್ಲ'. ಇವೆಲ್ಲ ಕಿರಿಕಿರಿ, ಅಷ್ಟೇ. ಇದರ ಗದ್ದಲದಲ್ಲಿ ಬೀಗದ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ.

ಎಸ್‌ಎಂಎಸ್ ಕಳಿಸುವುದೆಂದರೆ ಮಲೆನಾಡಿನಲ್ಲಿ ಬಸ್ ಕಂಡಕ್ಟರ ಕೈಯಲ್ಲಿ ಬಿಚ್ಚು ಚೀಟಿ ಕೊಟ್ಟು ಕಳಿಸಿದ ಹಾಗೆ. ಕಂಡಕ್ಟರ್ ಒಳ್ಳೆಯವನೇ, ತಲುಪಿಸುತ್ತಾನೆ. ಆದರೆ ದಾರಿಯಲ್ಲಿ ಅದನ್ನು ಅವನೂ ಓದಬಹುದು, ಬಾನೆಟ್ ಮೇಲೆ ಕುಳಿತವನೂ ಓದಬಹುದು. ಟೆಲಿಕಾಂ ಕಂಪನಿಯ ಕಂಪ್ಯೂಟರುಗಳಲ್ಲಿ ಎಸ್‌ಎಂಎಸ್ ಇದ್ದದ್ದು ಇದ್ದ ಹಾಗೇ ಕಾಣುತ್ತದೆ, ಆ ಕಂಪ್ಯೂಟರಿಗೆ ಕನ್ನ ಹಾಕಿದವನಿಗೂ ಹಾಗೆಯೇ ಕಾಣುತ್ತದೆ.

2024ರಲ್ಲಿ ಇಲ್ಲಿ ಆದದ್ದೇ ಅದು. ಚೀನಾ ಸರ್ಕಾರದೊಡನೆ ನಂಟಿದೆ ಎನ್ನಲಾದ, ಸಾಲ್ಟ್ ಟೈಫೂನ್ ಎಂದು ಹೆಸರಾದ ಹ್ಯಾಕರುಗಳ ತಂಡ ಅಮೆರಿಕದ ಹಲವು ಟೆಲಿಕಾಂ ಕಂಪನಿಗಳ ಒಳಗೆ ಸೇರಿಕೊಂಡಿರುವುದು ಬಯಲಾಯಿತು. ಆ ಡಿಸೆಂಬರಿನಲ್ಲಿ ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಸಿಸಾ ಮತ್ತು ಎಫ್‌ಬಿಐ ಅಧಿಕಾರಿಗಳು ಪತ್ರಕರ್ತರ ಮುಂದೆ, ಆದಷ್ಟೂ ಬೀಗವಿರುವ ಮೆಸೇಜ್ ಸೇವೆಗಳನ್ನೇ ಬಳಸಿ ಎಂದರು. ಪೊಲೀಸರಿಗೂ ಬಿಚ್ಚಲಾಗದ ಬೀಗ ಬೇಡ ಎಂದು ವರ್ಷಗಟ್ಟಲೆ ವಾದಿಸಿದ ಎಫ್‌ಬಿಐ ಕಡೆಯಿಂದ ಈ ಮಾತು ಬಂದದ್ದನ್ನು ಓದಿ ನಾನು ಪತ್ರಿಕೆಯನ್ನು ಇನ್ನೊಮ್ಮೆ ನೋಡಿದೆ. ಕೆಲವು ದಿನಗಳ ನಂತರ ಸಿಸಾ ಒಂದು ಕೈಪಿಡಿಯನ್ನೂ ಹೊರತಂದಿತು. ಬರೆದದ್ದು ದೊಡ್ಡ ಹುದ್ದೆಯವರಿಗೆ, ಆದರೆ ಓದಿ ಬಳಸಲು ಯಾರಿಗೂ ಅಡ್ಡಿಯಿಲ್ಲ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಸೆಂಡ್ ಆ್ಯಸ್ ಟೆಕ್ಸ್ಟ್ ಮೆಸೇಜ್' ಎಂಬುದನ್ನು ಆಫ್ ಮಾಡಿಬಿಡಿ ಎನ್ನುತ್ತದೆ ಅದು. ಅದು ಚಾಲೂ ಇದ್ದರೆ ಇಂಟರ್ನೆಟ್ ಸಿಗದ ಹೊತ್ತಿನಲ್ಲಿ ಐಫೋನಿನಿಂದ ಐಫೋನಿಗೆ ಹೊರಟ ಮಾತೂ ಸದ್ದಿಲ್ಲದೆ ಎಸ್‌ಎಂಎಸ್ ಆಗಿ ಹೋಗುತ್ತದೆ. ನೀಲಿಯವರ ಮೇಲೂ ಹಸಿರಿನ ನೆರಳು ಬೀಳುತ್ತದೆ ಎಂದಾಯಿತು.

ಇಷ್ಟು ವರ್ಷ ಈ ಬಿಚ್ಚು ಚೀಟಿ ಯಾಕೆ ಉಳಿಯಿತು? ತಂತ್ರಜ್ಞಾನ ಇರಲಿಲ್ಲ ಎಂದರೆ ನಂಬಬೇಡಿ. ಐಮೆಸೇಜನ್ನು ಆಂಡ್ರಾಯ್ಡಿಗೂ ಕೊಟ್ಟರೆ ಐಫೋನ್ ಇರುವ ಕುಟುಂಬಗಳು ಮಕ್ಕಳಿಗೆ ಆಂಡ್ರಾಯ್ಡ್ ಕೊಡಿಸಲು ಇರುವ ಅಡ್ಡಿ ತೊಲಗುತ್ತದೆ ಎಂಬರ್ಥದಲ್ಲಿ ಆ್ಯಪಲ್‌ನ ಹಿರಿಯ ಅಧಿಕಾರಿ ಕ್ರೇಗ್ ಫೆಡರಿಗಿ ಬರೆದ ಇಮೇಲ್, ವಿಡಿಯೊ ಗೇಮ್ ಕಂಪನಿ ಎಪಿಕ್ ಆ್ಯಪಲ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಹೊರಬಿತ್ತು. 2022ರಲ್ಲಿ ಸಭೆಯೊಂದರಲ್ಲಿ ಒಬ್ಬರು, ತಾಯಿಗೆ ವಿಡಿಯೊ ಸರಿಯಾಗಿ ಕಳಿಸಲಾಗುತ್ತಿಲ್ಲ ಎಂದು ದೂರಿದಾಗ ಆ್ಯಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಕೊಟ್ಟ ಉತ್ತರ: ನಿಮ್ಮ ತಾಯಿಗೊಂದು ಐಫೋನ್ ಕೊಡಿಸಿ. ಇದನ್ನು ನನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಒಂದು ಮೆಸೇಜಿಗೋಸ್ಕರ ಅಷ್ಟು ದುಡ್ಡು ಸುರಿಯುವುದೇನೋ? ಸುಮ್ಮನೆ ಫೋನ್ ಮಾಡಿ ಮಾತಾಡು" ಎಂದರು. 2023ರ ಡಿಸೆಂಬರಿನಲ್ಲಿ ಬೀಪರ್ ಮಿನಿ ಎಂಬ ಆ್ಯಪ್, ಹೈಸ್ಕೂಲ್ ಹುಡುಗನೊಬ್ಬ ಬಿಡಿಸಿದ ಗುಟ್ಟನ್ನು ಬಳಸಿ ಆಂಡ್ರಾಯ್ಡಿನಿಂದಲೂ ನೀಲಿ ಮೆಸೇಜು ಕಳಿಸುವಂತೆ ಮಾಡಿತು. ಭದ್ರತೆಯ ಕಾರಣ ಕೊಟ್ಟು ಆ್ಯಪಲ್ ಕೆಲವೇ ದಿನಗಳಲ್ಲಿ ಆ ಬಾಗಿಲು ಮುಚ್ಚಿತು. ಮರುವರ್ಷದ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ, ಹಲವು ರಾಜ್ಯಗಳನ್ನು ಜೊತೆಗಿಟ್ಟುಕೊಂಡು, ನಮ್ಮ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲೇ ಆ್ಯಪಲ್ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಹಸಿರು ಮೆಸೇಜಿನ ದೂರೂ ಅದರಲ್ಲಿದೆ. ಅದನ್ನು ಓದಿದಾಗ ಮಗಳ ಸಂಕೋಚ ಸರ್ಕಾರಿ ದಾಖಲೆಗೆ ಏರಿತಲ್ಲ ಎನಿಸಿತು.

ಗೂಗಲ್ ಕೂಡ ಸಂತನಲ್ಲ ಬಿಡಿ. ಎಸ್‌ಎಂಎಸ್‌ನ ಉತ್ತರಾಧಿಕಾರಿ ಎಂದು ಅದು ಹೊತ್ತು ಮೆರೆಸಿದ ಆರ್‌ಸಿಎಸ್‌ನಲ್ಲಿ ಬೀಗವನ್ನು 2021ರಲ್ಲಿ ತಂದದ್ದು ತನ್ನದೇ ಮೆಸೇಜ್ ಆ್ಯಪ್‌ನ ಒಳಗೆ, ಆ ಆ್ಯಪ್ ಬಳಸುವವರ ನಡುವೆ ಮಾತ್ರ. ಆ್ಯಪಲ್ 2024ರ ಸೆಪ್ಟೆಂಬರಿನಲ್ಲಿ ಐಒಎಸ್ 18ರೊಂದಿಗೆ ಆರ್‌ಸಿಎಸ್‌ಗೆ ಜಾಗ ಕೊಟ್ಟಿತು. ಆಟದ ವಿಡಿಯೊಗಳಲ್ಲಿ ಈಗ ಚೆಂಡು ಕಾಣುತ್ತದೆ. ಬಣ್ಣ ಹಸಿರೇ ಉಳಿಯಿತು. ಎರಡು ಬಣದ ಫೋನುಗಳ ನಡುವೆ ಹೋಗುವ ಮಾತಿಗೆ ಬೀಗವೂ ಬರಲಿಲ್ಲ. ಚಿತ್ರ ಚೆನ್ನಾದದ್ದೇ ತಡ, ಎಲ್ಲವೂ ಸರಿಹೋಯಿತು ಎಂದುಕೊಂಡ ಪೋಷಕರೇ ಹೆಚ್ಚು.

ಬೀಗದ ನಿಯಮ ಬಂದದ್ದು 2025ರ ಮಾರ್ಚ್‌ನಲ್ಲಿ. ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್‌ಎಂಎ, ಎಂಎಲ್‌ಎಸ್ ಎಂಬ ಮುಕ್ತ ಮಾನದಂಡದ ಮೇಲೆ ಆರ್‌ಸಿಎಸ್‌ಗೆ ಎರಡೂ ತುದಿಯ ಬೀಗವನ್ನು ರೂಪಿಸಿತು, ಅದನ್ನು ಅಳವಡಿಸುತ್ತೇವೆಂದು ಆ್ಯಪಲ್ ಕೂಡ ಮಾತು ಕೊಟ್ಟಿತು. ನಿಯಮ ಬರೆಯುವುದು ಒಂದು, ಪ್ರತಿ ಫೋನೂ ಪ್ರತಿ ಟೆಲಿಕಾಂ ಕಂಪನಿಯೂ ಅದನ್ನು ಪಾಲಿಸುವುದು ಇನ್ನೊಂದು. ಆದ್ದರಿಂದ ನಾನು ಬಣ್ಣದ ಗೋಜಿಗೆ ಹೋಗದೆ ಬೀಗದ ಗುರುತು ಇದೆಯೇ ಎಂದಷ್ಟೇ ನೋಡುತ್ತೇನೆ. ಇಲ್ಲದಿದ್ದರೆ ಸಾಕರ್ ಅಭ್ಯಾಸದ ಸಮಯ ಬರೆಯುತ್ತೇನೆ, ಪಾಸ್‌ಪೋರ್ಟಿನ ಚಿತ್ರ ಕಳಿಸುವುದಿಲ್ಲ. ಬೀಗವಿದ್ದರೂ ಒಂದು ಹಿತ್ತಲ ಬಾಗಿಲು ಉಂಟು. ಐಮೆಸೇಜಿನ ಮಾತುಗಳು ಐಕ್ಲೌಡ್ ಬ್ಯಾಕಪ್‌ಗೆ ಹೋಗುತ್ತಿದ್ದು, 'ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್' ಹಾಕಿಕೊಂಡಿರದಿದ್ದರೆ ಅದರ ಕೀಲಿ ಆ್ಯಪಲ್ ಬಳಿಯೂ ಇರುತ್ತದೆ. ವಾಟ್ಸ್ಆ್ಯಪ್ ಬ್ಯಾಕಪ್‌ಗೂ ಬೀಗವನ್ನು ನಾವೇ ಹೋಗಿ ಹಾಕಬೇಕು.

ಹೊರನಾಡಿನವರಿಗೆ ಇನ್ನೊಂದು ಬಾಧೆ ಒಟಿಪಿ. ನಮ್ಮಲ್ಲಿ ಅನೇಕರು ಊರಿನ ಸಿಮ್ ಒಂದನ್ನು ರೀಚಾರ್ಜ್ ಮಾಡಿಸಿ ಜೀವ ಹಿಡಿದಿಟ್ಟಿರುವುದು ಅದಕ್ಕಾಗಿಯೇ. ಅಪ್ಪನ ಮನೆಯ ತೆರಿಗೆ ಕಟ್ಟಲು ಹೊರಟರೆ ಬರಬೇಕಾದ ಆರು ಅಂಕೆಗಳು ಸಾಗರ ದಾಟುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಆ ಅಂಕೆಗಳು ಬರುವುದೂ ಬಿಚ್ಚು ಚೀಟಿಯಲ್ಲೇ. ಯಾರಾದರೂ ನಮ್ಮ ಹೆಸರಿನಲ್ಲಿ ಹೊಸ ಸಿಮ್ ಪಡೆದರೆ ಅವು ಸೀದಾ ಅವರ ಕೈಗೆ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನ ಎಸ್‌ಎಂಎಸ್ ಒಟಿಪಿಯನ್ನು ತೆಗೆದುಹಾಕಿಲ್ಲ, ಆದರೆ ಬ್ಯಾಂಕುಗಳು ಬೇರೆ ದೃಢೀಕರಣ ವಿಧಾನಗಳತ್ತ ಹೋಗಲು ದಾರಿ ಮಾಡಿದೆ. ನಮ್ಮ ಬ್ಯಾಂಕು ಆ ದಾರಿ ಹಿಡಿಯುವುದನ್ನು ಕಾಯುತ್ತಿದ್ದೇನೆ.

ಮಕ್ಕಳನ್ನು ನೋಡಲು ಇಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ವಿಮಾನ ನಿಲ್ದಾಣದಿಂದ ಮನೆಗೆ ಬರುವ ಹೆದ್ದಾರಿಯಲ್ಲಿ ಟೋಲ್ ಇರುತ್ತದೆ. ಇಲ್ಲಿನ ಸಿಮ್ ಹಾಕಿಕೊಂಡ ಮೇಲೆ ಇಂದಲ್ಲ ನಾಳೆ, ನಿಮ್ಮ ಟೋಲ್ ಬಾಕಿಯಿದೆ, ಕಟ್ಟದಿದ್ದರೆ ದಂಡ ಎಂದು ಮೆಸೇಜು ಬರಬಹುದು. ಈ ಮೋಸದ ಬಗ್ಗೆ ಎಫ್‌ಬಿಐ 2024ರಲ್ಲೇ ಎಚ್ಚರಿಸಿತ್ತು. ಅದು ಬೀಗವಿರುವ ದಾರಿಯಲ್ಲೂ ಬರುತ್ತದೆ. ಒಳಗೇನಿದೆ ಎಂದು ಟೆಲಿಕಾಂ ಕಂಪನಿಗೆ ಕಾಣದಿದ್ದರೆ ಅದನ್ನು ತಡೆಯುವವರೂ ಇಲ್ಲವೆಂದು ಕಳ್ಳರಿಗೂ ಗೊತ್ತು. ಅಪರಿಚಿತರು ಕಳಿಸಿದ ಕೊಂಡಿಯನ್ನು ಐಫೋನ್ ಒತ್ತಗೊಡುವುದಿಲ್ಲ, ನೀವು ಉತ್ತರ ಬರೆದರೆ ಅದು ತೆರೆದುಕೊಳ್ಳುತ್ತದೆ. ಅದಕ್ಕೇ ಆ ಮೆಸೇಜಿನ ಕೊನೆಯಲ್ಲಿ, 'ವೈ' ಎಂದು ಉತ್ತರಿಸಿ ಎಂಬ ವಿನಯದ ಸಾಲು ಇರುತ್ತದೆ. ಉತ್ತರಿಸಬೇಡಿ, ಅಳಿಸಿಬಿಡಿ. ನಿಜವಾಗಿ ಟೋಲ್ ಬಾಕಿಯಿದ್ದರೆ ಕಾರು ಯಾರದೋ ಅವರ ಮನೆಗೆ ಅಂಚೆಯಲ್ಲಿ ಕಾಗದ ಬರುತ್ತದೆ.