ಬಸ್ರೂರ್ ಬ್ರದರ್ಸ್

ನನ್ನ ಕಾರಿನ ಡಿಕ್ಕಿಯಲ್ಲಿ ಇನ್ನೂ ಒಂದು ಪೌಡರ್ ಡಬ್ಬಿ ಇದೆ. ಮಕ್ಕಳಿಗೆ ಸ್ನಾನ ಆದಮೇಲೆ ಹಾಕ್ತೀವಲ್ಲ, ಅದೇ ಪೌಡರ್. ಮೊನ್ನೆ ಊರಿಂದ ಬಂದಿದ್ದ ಅತ್ತೆ ನೋಡಿ, ಇದ್ಯಾಕೆ ಇಲ್ಲಿ ಅಂದರು. ಡ್ಯಾನ್ಸ್ ಮಾಡೋಕೆ ಅಂದೆ. ಅವರು ಮುಂದೆ ಏನೂ ಕೇಳಲಿಲ್ಲ.

ಡಬ್ಬಿ ನನ್ನದಲ್ಲ, ಗೆಳೆಯನದ್ದು. ಕಳೆದ ನವೆಂಬರಲ್ಲಿ ಹೋಗಿಬಿಟ್ಟ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಊರಲ್ಲಾಗಿದ್ದರೆ ಬಹುವಚನ ಬಿಟ್ಟು ಮಾತಾಡುತ್ತಿರಲಿಲ್ಲ. ಆದರೆ ನಮ್ಮ ಮಾತೆಲ್ಲ ಇಂಗ್ಲಿಷಲ್ಲಿ, ಅಲ್ಲಿ ಆ ತಾಪತ್ರಯ ಇಲ್ಲ. ಈಗ 'ಅವರು' ಅಂತ ಬರೆದರೆ ಬೇರೆ ಯಾರ ಬಗ್ಗೆಯೋ ಬರೆದ ಹಾಗಾಗುತ್ತದೆ. ಹಾಗಾಗಿ ಅವನು ಅಂತಲೇ ಬರೆಯುತ್ತೇನೆ.

ಪರಿಚಯ ಆಗಿದ್ದು 2010ರ ಡಿಸೆಂಬರಲ್ಲಿ. ನಾನು ಇಂಗ್ಲೆಂಡಿನ ಬೋಲ್ಟನ್‌ಗೆ ಬಂದ ಮೊದಲ ಚಳಿಗಾಲ, ಆ ವರ್ಷ ಇಲ್ಲಿ ಚಳಿ ಅಂದ್ರೆ ಚಳಿ, ಮನೆಯ ಬಾಯ್ಲರ್ ಸರಿಯಾಗಿ ಅದೇ ವಾರ ಕೈಕೊಟ್ಟಿತು. ರಿಪೇರಿಗೆ ಬಂದವನು ಇವನು. ಒಳಗೆ ಬಂದವನೇ ಬಾಯ್ಲರ್ ನೋಡುವ ಬದಲು ಗೋಡೆ ನೋಡುತ್ತಾ ನಿಂತ. ಅಲ್ಲಿ ಅಪ್ಪನ ಒಂದು ಇಪಿ ರೆಕಾರ್ಡನ್ನು ಫ್ರೇಮ್ ಹಾಕಿಸಿ ತೂಗು ಹಾಕಿದ್ದೆ. ಹಳೇ ಕನ್ನಡ ಸಿನಿಮಾದ ಹಾಡುಗಳು, ಕವರಿನ ಮೇಲೆ ರಾಜ್‌ಕುಮಾರ್. ಹದಿನೈದು ನಿಮಿಷ ಪ್ರಶ್ನೆ ಮೇಲೆ ಪ್ರಶ್ನೆ. ಎಲ್ಲಿ ಒತ್ತಿದ್ದು? ಕಲ್ಕತ್ತಾದ ದಮ್‌ದಮ್ ಫ್ಯಾಕ್ಟರಿ ಅಂದೆ. ಎಷ್ಟು ಪ್ರತಿ ಒತ್ತಿರಬಹುದು? ಯಾರಿಗೆ ಗೊತ್ತು. ಹಾಕಿ ಕೇಳಿದ್ದೀಯಾ? ಇಲ್ಲ, ಪ್ಲೇಯರ್ ಇಲ್ಲ. ಆಗ ಅವನ ಮುಖ ನೋಡಬೇಕಿತ್ತು. ಊಟಕ್ಕೆ ಕೂತವನ ಎಲೆ ಎತ್ತಿಕೊಂಡು ಹೋದ ಹಾಗೆ. "ಗೋಡೆಗೆ ಹೊಡೆಯೋಕೆ ಕ್ಯಾಲೆಂಡರ್ ಸಿಗಲ್ವಾ ನಿಮ್ಮಲ್ಲಿ?" ಅಂದ.

ಮುಂದಿನ ಶನಿವಾರ ಫ್ರೇಮ್ ಬಿಚ್ಚಿಸಿ ಅವನ ಮನೆಗೆ ತೆಗೆದುಕೊಂಡು ಹೋಗಿದ್ದಾಯಿತು. ನಲವತ್ತು ವರ್ಷದ ಧೂಳು ಒರೆಸಿ ಹಾಕಿದ. ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಹಾಡು ಮುಗಿಯುವ ತನಕ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು, ಡ್ರಮ್ ಬಾರಿಸಿದವನು ಯಾರು, ಒಳ್ಳೇ ಕೈ ಅಂದ.

ಇವನಿಗೆ ಹುಚ್ಚಿದ್ದದ್ದು ನಾರ್ದರ್ನ್ ಸೋಲ್ ಅನ್ನುವ ಕುಣಿತದ ಸಂಗೀತದ್ದು. ನನಗೂ ಆಗ ಆ ಹೆಸರೇ ಗೊತ್ತಿರಲಿಲ್ಲ, ಇಂಗ್ಲೆಂಡಿನ ಉತ್ತರದ ಗಾಯಕರು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಹಾಡಿದವರು ಬಹುಪಾಲು ಅಮೆರಿಕದ ಕಪ್ಪು ಜನ, ಹೆಚ್ಚಿನವರು ಡೆಟ್ರಾಯಿಟ್, ಷಿಕಾಗೊ, ಫಿಲಡೆಲ್ಫಿಯಾ ಕಡೆಯವರು, ಅರವತ್ತರ ದಶಕದಲ್ಲಿ. ಮೋಟೌನ್ ಕಂಪನಿಯ ಹಾಡುಗಳು ಜಗತ್ತಿಡೀ ಓಡುತ್ತಿದ್ದ ಕಾಲ ಅದು, ಹಾಗಾಗಿ ಚಿಲ್ಲರೆ ಪಲ್ಲರೆ ಕಂಪನಿಗಳೆಲ್ಲ ಅದೇ ಧಾಟಿಯಲ್ಲಿ ಸಾವಿರಗಟ್ಟಲೆ ರೆಕಾರ್ಡ್ ತಂದವು, ಮುಕ್ಕಾಲು ಪಾಲು ಮಾರಾಟವಾಗದೆ ಗೋಡೌನಿಗೆ ಹೋದವು. ಹೀಗೆ ಸೋತುಹೋದ ಹಾಡುಗಳೇ ಇಂಗ್ಲೆಂಡಿನ ಉತ್ತರದಲ್ಲಿ, ಗಿರಣಿ ಮತ್ತು ಗಣಿಯ ಊರುಗಳ ಹುಡುಗರಿಗೆ ಬೇಕಾದವು. ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಡೇವ್ ಗೋಡಿನ್ ಅನ್ನುವವರ ಸೋಲ್ ಸಿಟಿ ಅಂತ ರೆಕಾರ್ಡ್ ಅಂಗಡಿ ಇತ್ತು. ಫುಟ್‌ಬಾಲ್ ಮ್ಯಾಚಿಗೆ ಉತ್ತರದಿಂದ ಬಂದವರು ಹೊಸ ಹಾಡು ಮೂಸಿಯೂ ನೋಡದೆ ಹಳೇ ವೇಗದ ಹಾಡುಗಳನ್ನೇ ಕೇಳುತ್ತಿದ್ದರಂತೆ. ಅಂಗಡಿಯವರಿಗೆ ಗುರುತಿಗೆ ಇರಲಿ ಅಂತ ಗೋಡಿನ್ ಇಟ್ಟ ಹೆಸರು ಇದು. 1970ರಲ್ಲಿ ಪತ್ರಿಕೆಯಲ್ಲೂ ಬರೆದರು, ನಿಂತುಬಿಟ್ಟಿತು.

ಇವನು ಹದಿನೇಳಕ್ಕೆ ಮೊದಲ ಸಲ ವಿಗನ್ ಕ್ಯಾಸಿನೋಗೆ ಹೋದದ್ದು, 1974ರಲ್ಲಿ. ಹೆಸರು ಕೇಳಿ ಜೂಜಿನ ಅಡ್ಡೆ ಅಂದುಕೊಳ್ಳಬೇಡಿ, ಅದೊಂದು ಹಳೇ ಡ್ಯಾನ್ಸ್ ಹಾಲ್. 1973ರ ಸೆಪ್ಟೆಂಬರಲ್ಲಿ ಶುರುವಾದದ್ದು. ಶನಿವಾರ ರಾತ್ರಿ ಎರಡು ಗಂಟೆಯಿಂದ ಭಾನುವಾರ ಬೆಳಿಗ್ಗೆ ಎಂಟರ ತನಕ ಕುಣಿತ. ಹೆಂಡ ಇಲ್ಲ. ಎಚ್ಚರ ಇರೋಕೆ ಮಾತ್ರೆ ನುಂಗುವವರು ಬೇಕಾದಷ್ಟಿದ್ದರು, ಅದನ್ನು ಅವನು ಮುಚ್ಚಿಡಲಿಲ್ಲ, ಬಣ್ಣವನ್ನೂ ಹಚ್ಚಲಿಲ್ಲ. ಒಂದು ಬ್ಯಾಗಲ್ಲಿ ಟವೆಲ್, ಇನ್ನೊಂದು ಜೊತೆ ಬಟ್ಟೆ, ಪೌಡರ್ ಡಬ್ಬಿ. ಮರದ ನೆಲದ ಮೇಲೆ ಪೌಡರ್ ಚಿಮುಕಿಸಿದರೆ ಚರ್ಮದ ಅಟ್ಟೆಯ ಶೂ ಸಲೀಸಾಗಿ ಜಾರುತ್ತದೆ, ಗಿರ್ರಂತ ತಿರುಗಬಹುದು. ಅಷ್ಟೇ ಅದರ ಗುಟ್ಟು.

ಬೆಳಿಗ್ಗೆ ಎಂಟಾಗುವ ಮೊದಲು ಪ್ರತಿ ಸಲವೂ ಅವೇ ಮೂರು ಹಾಡು. ಟೋಬಿ ಲೆಜೆಂಡ್, ಜಿಮ್ಮಿ ರ‍್ಯಾಡ್‌ಕ್ಲಿಫ್, ಕೊನೆಗೆ ಡೀನ್ ಪ್ಯಾರಿಶ್. ಇದನ್ನು ಕೇಳಿದ ತಕ್ಷಣ ನಾನು, ಓಹೋ ಮಂಗಳ ಪದ ಅಂದೆ. ಏನದು ಅಂದ. ಅವತ್ತು ಅವನಿಗೆ ಯಕ್ಷಗಾನ ಹೇಳಿದೆ. ಕುಂದಾಪುರದ ಕಡೆ ನಾವೂ ಹೀಗೇ, ಗದ್ದೆಯಲ್ಲಿ ಆಟ, ಅಜ್ಜಿ ಜೊತೆ ಚಾಪೆ ಕಂಬಳಿ ಹಿಡಿದುಕೊಂಡು ಹೋಗೋದು, ರಾತ್ರಿಯಿಡೀ ಚೆಂಡೆ, ಬೆಳಕು ಹರಿಯುವಾಗ ಮಂಗಳ, ಆಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಶಾಲೆಗೆ. ಫೋನಲ್ಲಿ ಮಂದಾರ್ತಿ ಮೇಳದ ಒಂದು ವಿಡಿಯೋ ಹಾಕಿದೆ. ಎರಡನೇ ಪದಕ್ಕೆ ಅವನ ಕಾಲು ತಾಳ ಹಾಕೋಕೆ ಶುರು. ಈಗೀಗ ಕಾಲಮಿತಿ ಆಟ ಬಂದಿದೆ, ನಡುರಾತ್ರಿಗೇ ಮುಗಿಸುತ್ತಾರೆ ಅಂದಾಗ ನಿಟ್ಟುಸಿರು ಬಿಟ್ಟ. "ನಮ್ಮದೂ ಅದೇ ಕತೆ. ಈಗ ಮಧ್ಯಾಹ್ನ ಎರಡಕ್ಕೆ ಕುಣೀತೀವಿ. ಮಂಡಿ ನೋವು."

ಕ್ಯಾಸಿನೋ 1981ರ ಡಿಸೆಂಬರಲ್ಲಿ ಮುಚ್ಚಿತು. ಮುಂದಿನ ವರ್ಷ ಕಟ್ಟಡಕ್ಕೆ ಬೆಂಕಿ ಬಿತ್ತು, ಆಮೇಲೆ ಕೆಡವಿದರು. ಈಗ ಆ ಜಾಗದಲ್ಲಿ ಶಾಪಿಂಗ್ ಮಾಲ್. ಒಮ್ಮೆ ನನ್ನನ್ನು ಕರೆದುಕೊಂಡು ಹೋಗಿ, ಅಂಗಡಿ ಸಾಲಿನ ನಡುವೆ ಒಂದು ಕಡೆ ನಿಲ್ಲಿಸಿ, "ಇಲ್ಲಿ ಬೆವರಿದ್ದೆ" ಅಂದ.

ಕುಣಿಯೋದಕ್ಕಿಂತ ಜಾಸ್ತಿ ಅವನಿಗೆ ಹಾಡು ಹಾಕೋದು ಬೇಕಿತ್ತು. ತಿಂಗಳಿಗೆ ಎರಡು ಸಲ ಕ್ರಿಕೆಟ್ ಕ್ಲಬ್ಬು, ಕಾರ್ಮಿಕರ ಕ್ಲಬ್ಬು, ಎಲ್ಲಿ ಕರೆದರೆ ಅಲ್ಲಿ. ಸಂಭಾವನೆ ಪೆಟ್ರೋಲಿಗೆ ಸಾಕಾಗುತ್ತಿತ್ತು, ಕೆಲವು ಸಲ ಅದಕ್ಕೂ ಇಲ್ಲ. ಮಗಳು ಬೇರೆ ಊರಲ್ಲಿ, ಹೆಂಡತಿ ಬಿಟ್ಟುಹೋಗಿ ಎಷ್ಟೋ ವರ್ಷ. ನಾನು ಡ್ರೈವರ್. ಪೆಟ್ಟಿಗೆ ಹೊರುವವನು ಕೂಡ. ಇನ್ನೂರು ರೆಕಾರ್ಡ್ ಇರುವ ಪೆಟ್ಟಿಗೆ ಎತ್ತಿ ನೋಡಿ, ಆಗ ಗೊತ್ತಾಗುತ್ತದೆ ಈ ಸಂಗೀತದ ಭಾರ.

ಈ ಮಂದಿಗೆ ಒಂದು ಮಡಿ ಇದೆ. ಕ್ಲಬ್ಬಲ್ಲಿ ಹಾಕುವ ರೆಕಾರ್ಡ್ ಮೂಲ ಪ್ರತಿಯೇ ಆಗಬೇಕು. ಆಮೇಲೆ ಒತ್ತಿದ್ದು, ಕಳ್ಳ ಪ್ರತಿ, ಸಿಡಿ, ಯಾವುದೂ ಮುಟ್ಟುವ ಹಾಗಿಲ್ಲ. ನನಗಿದು ಸುಮ್ನೆ ಬಡಿವಾರ ಅನಿಸುತ್ತಿತ್ತು, ಈಗಲೂ ಅರ್ಧ ಹಾಗೇ ಅನಿಸುತ್ತದೆ. ಆದರೆ ಅವನು ಮೂಲ ಪ್ರತಿ ಗುರುತು ಹಿಡಿಯುವುದನ್ನು ನೋಡೋದೇ ಒಂದು ಚೆಂದ. ಲೇಬಲ್ ಕಡೆ ನೋಡುತ್ತಲೇ ಇರಲಿಲ್ಲ. ದೀಪದ ಕೆಳಗೆ ರೆಕಾರ್ಡನ್ನು ಓರೆ ಹಿಡಿದು, ಹಾಡು ಮುಗಿದ ಮೇಲೆ ಲೇಬಲ್ ತನಕ ಉಳಿಯುವ ಖಾಲಿ ಪಟ್ಟಿ ಇರುತ್ತದಲ್ಲ, ಅದರಲ್ಲಿ ಕೊರೆದ ನಂಬರ್ ಓದುತ್ತಿದ್ದ. ಆಮೇಲೆ ಉಗುರಿನಿಂದ ಅಂಚಿಗೆ ಟಕ್ ಅಂತ ಒಂದು ಪೆಟ್ಟು. ಅಮೆರಿಕದ ಎಷ್ಟೋ ಸಣ್ಣ ರೆಕಾರ್ಡುಗಳು ವಿನೈಲ್ ಅಲ್ಲ, ಸ್ಟೈರೀನ್, ಗಟ್ಟಿ ಪ್ಲಾಸ್ಟಿಕ್. ಪೆಟ್ಟು ಕೊಟ್ಟರೆ ಸದ್ದು ಬೇರೆ. ಅದು ಬೇಗ ಸವೆಯುತ್ತದೆ. ಹಾಡು ಸರಿಯಾಗಿ ಶುರುವಾಗಲಿ ಅಂತ ಡೀಜೆ ಮುಳ್ಳನ್ನು ಹಿಂದೆ ಮುಂದೆ ಆಡಿಸಿ ಆಡಿಸಿ ಮೊದಲ ಕ್ಷಣದಲ್ಲೇ ಒಂದು ಸುರ್ರ್ ಸದ್ದು ಕೂತುಬಿಡುತ್ತದೆ. ಬೇರೆಯವರು ಅದನ್ನು ಹಾಳು ಅಂತಾರೆ. ಇವನಿಗೆ ಆ ಸುರ್ರ್ ಇದ್ದರೆ ಖುಷಿ. ಯಾರೋ ಇದನ್ನು ಜನಕ್ಕೆ ಹಾಕಿದ್ದಾರೆ ಅಂತ ಅರ್ಥ, ಬೀರುವಿನಲ್ಲಿ ಇಟ್ಟು ಪೂಜೆ ಮಾಡಿಲ್ಲ ಅಂತ ಅರ್ಥ.

ಬೆಲೆ ವಿಷಯಕ್ಕೆ ಬಂದರೆ ಅವನ ತಲೆ ಕೆಡುತ್ತಿತ್ತು. ಫ್ರಾಂಕ್ ವಿಲ್ಸನ್ ಅನ್ನುವವರು 1965ರಲ್ಲಿ ಮೋಟೌನ್‌ಗೆ ಹಾಡಿದ ಒಂದು ರೆಕಾರ್ಡ್ ಇದೆ, ಪೇಟೆಗೆ ಬರಲೇ ಇಲ್ಲ, ಪ್ರತಿಗಳನ್ನು ನಾಶ ಮಾಡಿದರು, ಬೆರಳೆಣಿಕೆಯಷ್ಟು ಉಳಿದವು. 2020ರಲ್ಲಿ ಅದರ ಒಂದು ಪ್ರತಿ 1 ಲಕ್ಷ ಪೌಂಡಿಗೆ ಹೋಯಿತು. ಸುದ್ದಿ ಓದಿ ಇವನು, "ಕೊಂಡವನು ಹಾಕ್ತಾನಾ?" ಅಂದ. ಅಷ್ಟೇ.

ಸಾಧು ಮನುಷ್ಯ ಏನಲ್ಲ. ಒಂದು ರೆಕಾರ್ಡ್ ಅದಲು ಬದಲಿನಲ್ಲಿ ಮೋಸ ಆಯಿತು ಅಂತ ಹಳೇ ಗೆಳೆಯನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ. ಇಬ್ಬರೂ ಒಂದೇ ಕ್ಲಬ್ಬಿಗೆ ಬರುತ್ತಿದ್ದರು, ಒಂದೇ ಮೂಲೆಯಲ್ಲಿ ನಿಲ್ಲುತ್ತಿದ್ದರು, ನಡುವೆ ನಾನು. "ಅವನಿಗೆ ಹೇಳು ಸೌಂಡ್ ಕಮ್ಮಿ ಮಾಡು ಅಂತ." ಹೇಳುತ್ತಿದ್ದೆ.

ಈಗ ಬಸ್ರೂರಿಗೆ ಬರುತ್ತೇನೆ. ಹಿಂದೆಲ್ಲ ಒಬ್ಬ ಡೀಜೆಗೆ ಯಾರ ಹತ್ತಿರವೂ ಇಲ್ಲದ ಒಂದು ಹಾಡು ಸಿಕ್ಕರೆ, ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದ. ಇಣುಕಿ ನೋಡಿದವರಿಗೆ ಗೊತ್ತಾಗಬಾರದಲ್ಲ. ಆ ಫ್ರಾಂಕ್ ವಿಲ್ಸನ್ ಹಾಡೂ ಮೊದಲು ಎಡ್ಡಿ ಫಾಸ್ಟರ್ ಅನ್ನುವವನ ಹೆಸರಲ್ಲೇ ಓಡಿದ್ದು. ಇವನೂ 2015ರ ಸುಮಾರಿಗೆ ಒಂದಕ್ಕೆ ಹಾಗೆ ಕಾಗದ ಅಂಟಿಸಿದ. ಅಡುಗೆಮನೆ ಮೇಜಿನ ಮೇಲೆ ಲೋಟ ಬೋರಲು ಇಟ್ಟು ಸುತ್ತ ಗೀಟು ಹೊಡೆದು ಕತ್ತರಿಸಿದ, ಗಮ್ ಹಚ್ಚಿದ, ಪೆನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿ, "ನಿಮ್ಮ ಕಡೆ ಒಂದು ಊರಿನ ಹೆಸರು ಹೇಳು ಮಾರಾಯ" ಅಂದ.

ಮಾರಾಯ ಅನ್ನೋದನ್ನು ನಾನು ಅಮ್ಮನ ಜೊತೆ, ತಮ್ಮನ ಜೊತೆ ಫೋನಲ್ಲಿ ಮಾತಾಡುವಾಗ ಕೇಳಿ ಅವನು ಕಲಿತದ್ದು. ಎಲ್ಲರಿಗೂ ಹಾಗೇ ಕರೆಯುತ್ತಿದ್ದ, ಕ್ಲಬ್ಬಿನ ಬಾರ್ ಹುಡುಗಿಗೂ.

ಬಾಯಿಗೆ ಬಂದದ್ದು ಬಸ್ರೂರು, ಅಮ್ಮನ ತವರು. ಅವನು ಒಂದು ಸಲ ಉಚ್ಚರಿಸಿ ನೋಡಿದ, ನಕ್ಕ, ಬರೆದ: ಬಸ್ರೂರ್ ಬ್ರದರ್ಸ್. ನೋಡಿದವರು ಡೆಟ್ರಾಯಿಟ್‌ನ ಯಾವುದೋ ಅಣ್ಣತಮ್ಮಂದಿರ ತಂಡ ಅಂದುಕೊಳ್ಳಬೇಕು, ಹಾಗಿತ್ತು.

ಆ ಹಾಡು ಹಾಕಿದರೆ ಸಾಕು, ನೆಲ ತುಂಬುತ್ತಿತ್ತು. ಲ್ಯಾಂಕಾಷೈರಿನ ಅರವತ್ತು ದಾಟಿದ ಹೆಂಗಸರು ಗಂಡಸರು ಬೆವರು ಒರೆಸಿಕೊಂಡು ಬಂದು "ಬಸ್ರೂರ್ ಹಾಕು" ಅಂತ ಕೇಳುತ್ತಿದ್ದರು. ಎರಡು ಸಲ ಅಮ್ಮನಿಗೆ ವಿಡಿಯೋ ಕಳಿಸಿದ್ದೇನೆ. ನಮ್ಮೂರ ಹೆಸರು ಯಾಕೆ ಆ ಬಿಳಿಯರು ಕೂಗ್ತಾರೆ ಅಂತ ಅವಳಿಗೆ ಇವತ್ತಿಗೂ ಅರ್ಥ ಆಗಿಲ್ಲ. ಹಾಡಿನ ನಿಜವಾದ ಹೆಸರು ನನಗೂ ಹೇಳಲಿಲ್ಲ. ಹೇಳಿದರೆ ನೀನು ಕುಡಿದಾಗ ಬಾಯಿ ಬಿಡ್ತೀಯ ಅಂದ, ನಾನು ಕುಡಿಯುವುದಿಲ್ಲ ಅಂತ ಗೊತ್ತಿದ್ದೂ.

ಕೊನೆಯ ವರ್ಷ ಶ್ವಾಸಕೋಶ ಕೆಟ್ಟಿತು. ಅದರ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಿಲ್ಲ. ಆಗಸ್ಟಲ್ಲಿ ಕೊನೆಯ ಸಲ ಹಾಡು ಹಾಕಿದಾಗ ಕುರ್ಚಿ ಹಾಕಿ ಕೂರಿಸಿದ್ದೆವು, ಕೈ ನಡುಗುತ್ತಿದ್ದ ಕಾರಣ ಅವನು ತೋರಿಸಿದ್ದನ್ನು ನಾನು ತೆಗೆದು ಹಾಕುವುದು ಅಂತ ಆಯಿತು. ಮೂರನೆಯದೋ ನಾಲ್ಕನೆಯದೋ, ಅವಸರದಲ್ಲಿ ಮಗುಚಿ ಹಾಕಿಬಿಟ್ಟೆ. ಕುಣಿಯೋಕೆ ಕಾಲೆತ್ತಿದವರ ಎದುರು ಹಿಂಬದಿಯ ಅಳುಮುಂಜಿ ಹಾಡು ಶುರುವಾಯಿತು. ಎಲ್ಲರೂ ಫೋಟೋಗೆ ನಿಂತ ಹಾಗೆ ನಿಂತರು. ನಾನು ಮುಳ್ಳು ಎತ್ತೋಕೆ ಹೋದರೆ ಅವನು ಕೈ ಹಿಡಿದ. ಬಿಡು, ಪೂರ್ತಿ ಹೋಗಲಿ, ನಡುವೆ ನಿಲ್ಲಿಸಿದರೆ ತಪ್ಪು ಅಂತ ಗೊತ್ತಾಗುತ್ತೆ ಅಂದ. ಅರ್ಧ ಜನ ಟಾಯ್ಲೆಟ್ ಕಡೆ ನಡೆದರು. "ನೋಡು, ಎಲ್ಲರಿಗೂ ಅರವತ್ತೈದಾಯ್ತು. ಇಂಥದ್ದೊಂದು ಬೇಕೇ ಬೇಕಿತ್ತು."

ಅವನು ಹೋದಮೇಲೆ ಮಗಳು ಬಂದು ಮನೆ ಖಾಲಿ ಮಾಡಿಸಿದಳು. ರೆಕಾರ್ಡುಗಳಿಗೆ ಬೆಲೆ ಕಟ್ಟೋಕೆ ಒಬ್ಬ ಡೀಲರನ್ನು ಕರೆಸಿದ್ದಳು. ಮಧ್ಯಾಹ್ನ ನನಗೆ ಫೋನ್. ಎಲ್ಲ ಪಟ್ಟಿ ಆಯ್ತು, ಒಂದು ಮಾತ್ರ ಎಲ್ಲೂ ಸಿಗ್ತಿಲ್ಲ, ಬಸ್ರೂರ್ ಬ್ರದರ್ಸ್ ಅಂತಿದೆ, ಇಂಟರ್ನೆಟ್ಟಲ್ಲೂ ಇಲ್ಲ, ತುಂಬ ಅಪರೂಪದ್ದು ಇರಬೇಕು, ನಿಮಗೆ ಗೊತ್ತಾ? ನಗು ತಡೆದುಕೊಂಡು ಹೋದೆ. ಡೀಲರ್ ಅಷ್ಟರಲ್ಲಿ ಕಾಗದ ಕೀಳದೆ, ಇವನ ಹಾಗೇ ಓರೆ ಹಿಡಿದು ಖಾಲಿ ಪಟ್ಟಿಯ ನಂಬರ್ ಓದಿದ್ದ. ಅವನೂ ನಗುತ್ತಿದ್ದ. ಹದಿನೈದು ಪೌಂಡಿನ ರೆಕಾರ್ಡ್. ಬೇಕಾದಷ್ಟು ಸಿಗುತ್ತೆ, ಅದರ ಹೆಸರು ಹೇಳಿ ಹಾಕಿದರೆ ಅಗ್ಗದ್ದು ಅಂತ ಯಾರೂ ಕುಣಿಯಲ್ಲ ಅಂದ.

ಹತ್ತು ವರ್ಷ! ಮೂಲ ಪ್ರತಿ, ಅಪರೂಪ ಅಂತ ಪ್ರಾಣ ಬಿಡುವ ಅಷ್ಟೂ ಜನರನ್ನು, ನನ್ನನ್ನೂ ಸೇರಿಸಿ, ಹದಿನೈದು ಪೌಂಡಿಗೆ ಕುಣಿಸಿದ್ದ.

ಮಗಳು ಅದನ್ನು ನನಗೇ ಕೊಟ್ಟಳು. ಕಾಗದ ಕಿತ್ತಿಲ್ಲ. ಡೀಲರ್ ಹೇಳಿದ ನಿಜವಾದ ಹೆಸರು ಇಲ್ಲಿ ಬರೆಯುವುದೂ ಇಲ್ಲ.

ಫೆಬ್ರವರಿಯಲ್ಲಿ ಕ್ರಿಕೆಟ್ ಕ್ಲಬ್ಬಲ್ಲಿ ಅವನ ನೆನಪಿಗೆ ಒಂದು ಸಂಜೆ ಇಟ್ಟಿದ್ದರು. ಮೊದಲ ಹಾಡು ಹಾಕಿದ್ದು ಆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಗೆಳೆಯ. ಪೌಡರ್ ನಾನು ಚಿಮುಕಿಸಿದೆ, ಕೈ ಜಾಸ್ತಿ ಆಗಿ ಇಬ್ಬರು ಜಾರಿ ಬಿದ್ದರು. ಬಸ್ರೂರ್ ಹಾಕಿದಾಗ ನೆಲ ತುಂಬಿತು, ಎಂದಿನ ಹಾಗೆ. ಹಾಡು ಮುಗಿದು ನಾನು ರೆಕಾರ್ಡನ್ನು ಕವರಿಗೆ ಹಾಕುವಾಗ ಒಬ್ಬ ಪಕ್ಕಕ್ಕೆ ಬಂದು, ದನಿ ತಗ್ಗಿಸಿ, ಇನ್ನೂರೈವತ್ತು ಪೌಂಡ್ ಕೊಡ್ತೇನೆ, ಯಾರಿಗೂ ಹೇಳಬೇಡ ಅಂದ.

"ಮಾರೋದಿಲ್ಲ ಮಾರಾಯ" ಅಂದೆ.

ಪದದ ಅರ್ಥ ಏನು ಅಂತ ಅವನು ಕೇಳಲಿಲ್ಲ.